ತಾಳಗುಪ್ಪದ ರೈಲುಬಸ್ಸು

ನಮ್ಮ ತಡಸಕ್ಕೆ ರೈಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಇದೆ, ಮುಂಡಗೋಡ, ಶಿರಸಿ ಕಡೆ ಹೊರಳುವ ಬಸ್ಸುಗಳಿವೆ. ಹಳಿ ನೋಡಬೇಕೆಂದರೆ ಹುಬ್ಬಳ್ಳಿಗೋ ಯಲವಿಗಿಗೋ ಹೋಗಬೇಕು. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಶಿರಸಿ, ಸಿದ್ದಾಪುರ ದಾಟಿ ಸಾಗರದವರೆಗೆ ಡ್ಯೂಟಿ ಬೀಳುತ್ತಿತ್ತು. ಆ ದಾರಿಯಲ್ಲಿ ತಾಳಗುಪ್ಪ ಬಂತೆಂದರೆ ಸ್ಟೇಷನ್ನಿನ ಕಡೆ ಕಣ್ಣು ಹಾಯಿಸದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಅಲ್ಲಿ ನಿಂತಿರುತ್ತಿದ್ದ ಗಾಡಿ ನಮ್ಮ ಬಸ್ಸಿನ ಒಡಹುಟ್ಟಿದ ತಮ್ಮನಂತೆ ಕಾಣುತ್ತಿತ್ತು. ಮುಂದೆ ಬೇರೆ ಎಂಜಿನ್ ಇಲ್ಲ, ಹಿಂದೆ ಬೋಗಿಗಳ ಸಾಲಿಲ್ಲ. ಡೀಸೆಲ್ ಎಂಜಿನ್ ಹೊಟ್ಟೆಯಲ್ಲೇ ಇಟ್ಟುಕೊಂಡ ಒಂಟಿ ಡಬ್ಬಿ. ಮಂದಿ ಅದನ್ನು ರೈಲುಬಸ್ಸು ಎನ್ನುತ್ತಿದ್ದರು.

ರಜೆಯ ದಿನ ಟಿಕೆಟ್ ತೆಗೆಸಿ ಅದರಲ್ಲಿ ಕೂತಿದ್ದೇನೆ. ಅಡಿಕೆ ವ್ಯಾಪಾರದವರು, ಶಿವಮೊಗ್ಗದ ಆಸ್ಪತ್ರೆಗೆ ಹೊರಟವರು, ಕಾಲೇಜು ಹುಡುಗರು, ಬುಟ್ಟಿ ಹಿಡಿದ ಹೆಂಗಸರು. ನಮ್ಮ ಬಸ್ಸಿಗೆ ಹತ್ತುವ ಮಂದಿಯೇ ಅವರು. ಬಸ್ ಚಾರ್ಜಿಗಿಂತ ರೈಲಿನ ಚಾರ್ಜು ಕಡಿಮೆ, ಅದಕ್ಕೇ ಕಾದು ಕೂರುತ್ತಿದ್ದರು. ಕಂಡಕ್ಟರ್ ಆದವನಿಗೆ ಯಾರು ಮೋಜಿಗೆ ಹತ್ತಿದ್ದಾರೆ, ಯಾರು ದರಕಾರು ಇದ್ದು ಹತ್ತಿದ್ದಾರೆ ಎನ್ನುವುದು ಮುಖ ನೋಡಿದರೆ ತಿಳಿಯುತ್ತದೆ.

ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಮುಂದಿನ ಕಾಡಿಗೆ ಮೈಸೂರು ಸಂಸ್ಥಾನ ಮೀಟರ್‌ಗೇಜ್ ಹಳಿ ಹಾಸಿದ್ದು 1930ರ ದಶಕದಲ್ಲಿ, ತುಂಡುತುಂಡಾಗಿ. ಕುಂಸಿ, ಅರಸಾಳು, ಆನಂದಪುರ, ಸಾಗರ, ಕಡೆಗೆ 1940ರಲ್ಲಿ ತಾಳಗುಪ್ಪ. ಆ ಹೊತ್ತಿಗೆ ಜೋಗದಲ್ಲಿ ವಿದ್ಯುತ್ ಯೋಜನೆಯ ಕೆಲಸ ಶುರುವಾಗಿತ್ತು. 1948ರಲ್ಲಿ ಅಲ್ಲಿ ಕರೆಂಟು ಹುಟ್ಟಿತು. ಜೋಗಕ್ಕೆ ಬೇಕಾದ ಭಾರದ ಸಾಮಾನಿಗೆ ಹತ್ತಿರದ ಸ್ಟೇಷನ್ ತಾಳಗುಪ್ಪವೇ.

ಹಳಿ ಅಲ್ಲೇ ಯಾಕೆ ನಿಂತಿತು ಎಂದು ಕೇಳುವವರು ಹಳೆಯ ನಕ್ಷೆ ತೆಗೆದು ನೋಡಬೇಕು. ತಾಳಗುಪ್ಪ ಮೈಸೂರು ಸಂಸ್ಥಾನದ್ದು. ಸ್ವಲ್ಪ ದೂರದ ಸಿದ್ದಾಪುರ ಮುಂಬೈ ಪ್ರಾಂತ್ಯದ್ದು, ಶಿರಸಿ, ಮುಂಡಗೋಡ, ನಮ್ಮ ತಡಸ ಕೂಡ. ಮೈಸೂರಿನ ಹಳಿ ಮೈಸೂರಿನ ಗಡಿಯೊಳಗೇ ಉಳಿಯಿತು. 1956ರಲ್ಲಿ ನಾವೆಲ್ಲ ಒಂದು ರಾಜ್ಯದವರಾದೆವು, ಹಳಿ ಮಾತ್ರ ಒಂದು ಗೇಣೂ ಮುಂದೆ ಬರಲಿಲ್ಲ.

1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ಬ್ರಾಡ್‌ಗೇಜ್ ಆಯಿತು. ಮೀಟರ್‌ಗೇಜಿನಲ್ಲಿ ಎರಡು ಹಳಿಗಳ ನಡುವೆ 1000 ಮಿಲಿಮೀಟರ್ ಅಂತರ, ಬ್ರಾಡ್‌ಗೇಜಿನಲ್ಲಿ 1676. ಒಂದರ ಗಾಡಿ ಇನ್ನೊಂದರ ಮೇಲೆ ಓಡದು. ಶಿವಮೊಗ್ಗದಿಂದ ಆಚೆಯ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಹಳಿ ಉಳಿದೆಲ್ಲ ಮಾರ್ಗಗಳಿಂದ ಕಡಿದುಹೋಯಿತು. ಬೀರೂರಿನಿಂದ ನೇರ ಗಾಡಿ ಇಲ್ಲ. ಸರಕು ಕಳಿಸಬೇಕೆಂದರೆ ಶಿವಮೊಗ್ಗದಲ್ಲಿ ಇಳಿಸಿ ಮತ್ತೆ ಏರಿಸಬೇಕು. ಹೀಗೆ ಒಂಟಿಯಾದ ಮಾರ್ಗವನ್ನು ಮುಚ್ಚಲು ಯಾರಿಗೂ ಹೆಚ್ಚು ಕಾರಣ ಬೇಕಿರಲಿಲ್ಲ. ಓಡಾಟ ಪೂರ್ತಿ ನಿಲ್ಲದಂತೆ ನೋಡಿಕೊಂಡದ್ದು ಆ ಒಂಟಿ ಡಬ್ಬಿ.

ರೈಲಿನ ಹುಚ್ಚಿರುವ ಗೆಳೆಯರು ನನಗಿದ್ದಾರೆ. ತಿರುವಿನಲ್ಲಿ ಕಾಡು ಸೀಳಿಕೊಂಡು ಬರುವ ರೈಲುಬಸ್ಸಿನ ಫೋಟೋ ತೋರಿಸಿ ಆಟಿಕೆಯಂತಿತ್ತು ಎನ್ನುತ್ತಾರೆ. ಅವರ ಪ್ರೀತಿ ದೊಡ್ಡದು, ಆ ಫೋಟೋಗಳಿಲ್ಲದಿದ್ದರೆ ಎಷ್ಟೋ ಮರೆತುಹೋಗುತ್ತಿತ್ತು. ಆದರೆ ಆಟಿಕೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದಿನವೂ ಮಂದಿ ಹತ್ತಿದ್ದರಿಂದ ಆ ಹಳಿಗೆ ಬೆಲೆ ಇತ್ತು. ಸಾಗರದವರು ಬ್ರಾಡ್‌ಗೇಜ್ ಬೇಕೆಂದು ಪಟ್ಟು ಹಿಡಿದಾಗ ಆ ಹಳಿ ಸತ್ತ ಹಳಿಯಾಗಿರಲಿಲ್ಲ. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂತು. ಈಗ ಬೆಂಗಳೂರಿಗೂ ಮೈಸೂರಿಗೂ ಅಲ್ಲಿಂದ ನೇರ ಗಾಡಿಗಳಿವೆ. ಆ ಗಾಡಿಗಳಿಗೆ ದಾರಿ ಕಾಯ್ದಿಟ್ಟದ್ದು ರೈಲುಬಸ್ಸು ಎಂದೇ ನನ್ನ ನಂಬಿಕೆ.

ಅರಸಾಳಿನ ಹಳೆಯ ಮೀಟರ್‌ಗೇಜ್ ಸ್ಟೇಷನ್ ಕಟ್ಟಡ ಉಳಿದಿದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲಿನ ದೃಶ್ಯಗಳನ್ನು ತೆಗೆದದ್ದು ಅಲ್ಲೇ. ಆ ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯಲ್ಲೇ ಅದು ವಸ್ತುಸಂಗ್ರಹಾಲಯವಾಗಿ 2020ರಲ್ಲಿ ತೆರೆಯಿತು. ಹೋಗಿ ನೋಡಿ, ಚೆನ್ನಾಗಿದೆ. ಆರ್.ಕೆ. ನಾರಾಯಣ್ ಕಲ್ಪಿಸಿದ ಊರಿಗೆ ಅಲ್ಲಿ ಜಾಗ ಸಿಕ್ಕಿದೆ. ಹಳಿ ಕಾಯುತ್ತ ಮಳೆಗಾಲವಿಡೀ ಕಾಡಿನಲ್ಲಿ ನಡೆದ ಗ್ಯಾಂಗ್‌ಮನ್‌ಗಳಿಗೆ, ಪಾಸು ಹಿಡಿದು ದಿನವೂ ಓಡಾಡಿದವರಿಗೆ ಅದರ ಪಕ್ಕದಲ್ಲೇ ಒಂದು ಗೋಡೆ ಸಿಗಬೇಕು. ಅವರಲ್ಲಿ ಹಲವರು ಇನ್ನೂ ಕುಂಸಿ, ಆನಂದಪುರದ ಕಡೆ ಇದ್ದಾರೆ, ಕೇಳಿದರೆ ಹೇಳುತ್ತಾರೆ.

ತಾಳಗುಪ್ಪದಿಂದ ಸಿದ್ದಾಪುರ, ಶಿರಸಿ ಮೇಲೆ ಹುಬ್ಬಳ್ಳಿಗೆ ರೈಲು ಬೇಕೆಂಬ ಬೇಡಿಕೆ ನಮ್ಮ ಕಡೆ ಆಗಾಗ ಏಳುತ್ತದೆ. ಮನವಿಗೆ ಸಹಿ ಕೇಳಿಕೊಂಡು ಬಂದ ಹುಡುಗರಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಸಾಗರಕ್ಕೆ ಹೋಗಿ, ಅಲ್ಲಿನವರು ತಮ್ಮ ಹಳಿ ಹೇಗೆ ಉಳಿಸಿಕೊಂಡರು ಎಂದು ಕೇಳಿಕೊಂಡು ಬನ್ನಿ.