ಹಳೆ ಹಾರ್ಡ್ ಡಿಸ್ಕ್ 'ಟಕ್ ಟಕ್' ಅಂದರೆ ಫ್ರೀಜರ್‌ನಲ್ಲಿ ಇಡಬೇಕೆ? ಫೈಲ್ ಸಾಗಿಸುವ ಮುನ್ನ ಇದನ್ನು ಓದಿ

ಕೆಟ್ಟ ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟರೆ ಬೆಳಿಗ್ಗೆ ಓಡುತ್ತದೆ ಎಂಬ ಸಲಹೆ ಬಹಳ ವರ್ಷಗಳಿಂದ ಸುತ್ತುತ್ತಿದೆ. ಇದು ಪೂರ್ತಿ ಕಟ್ಟುಕಥೆಯಲ್ಲ. ಹಳೆ ಕಾಲದ ಕೆಲವು ಡಿಸ್ಕ್‌ಗಳಲ್ಲಿ ಅಂಟಿಕೊಂಡ ಭಾಗ ತಂಪಿಗೆ ಕುಗ್ಗಿ ಬಿಟ್ಟುಕೊಂಡು, ಸ್ವಲ್ಪ ಹೊತ್ತು ಓಡಿದ್ದುಂಟು. ಈಗ ಮಾತ್ರ ಮಾಡಬಾರದ ಕೆಲಸ.

ಕಾರಣ ಡಿಸ್ಕಿನ ಒಳಗಿದೆ. ಅಲ್ಲಿ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ಮುಳ್ಳು ತಾಗದ ಹಾಗೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಧೂಳಿನ ಕಣ ಕೂಡ ಆ ಸಂದಿಗಿಂತ ಎಷ್ಟೋ ದೊಡ್ಡದು. ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಬೇಸಿಗೆಯಲ್ಲಿ ಹೇಗೆ ಬೆವರುತ್ತದೋ ಹಾಗೇ ತಂಪು ಡಿಸ್ಕಿನ ಒಳಗೂ ಹನಿ ಕೂರುತ್ತದೆ. ಆ ಸ್ಥಿತಿಯಲ್ಲಿ ತಟ್ಟೆ ತಿರುಗಿಸಿದರೆ ಉಳಿಸಬಹುದಾಗಿದ್ದ ಫೋಟೋ ಕೂಡ ಹೋಗುತ್ತದೆ.

'ಟಕ್ ಟಕ್' ಸದ್ದು ಬಂದ ಕೂಡಲೇ ಡಿಸ್ಕ್ ಸತ್ತಿತು ಎಂದೂ ತಿಳಿಯಬೇಡಿ. ವಿದ್ಯುತ್ ಸಾಲದಿದ್ದರೂ ಅದೇ ಸದ್ದು ಬರುತ್ತದೆ. ಒಟಿಜಿ ಕೇಬಲ್ ಹಾಕಿ ಮೊಬೈಲಿಗೆ ಜೋಡಿಸಿದಾಗ ಇದು ಸಾಮಾನ್ಯ, ಏಕೆಂದರೆ ಡಿಸ್ಕ್ ತಿರುಗಿಸುವಷ್ಟು ಶಕ್ತಿ ಎಷ್ಟೋ ಫೋನುಗಳು ಕೊಡುವುದಿಲ್ಲ. ಕೇಬಲ್ ಬದಲಿಸಿ, ಕಂಪ್ಯೂಟರಿನ ಹಿಂಭಾಗದ ಪೋರ್ಟಿಗೆ ಒಮ್ಮೆ ಹಾಕಿ ನೋಡಿ. ಆಗಲೂ ಸದ್ದು ನಿಲ್ಲದಿದ್ದರೆ ತಕ್ಷಣ ತೆಗೆದುಬಿಡಿ. ಮುಂದಿನದು ಡೇಟಾ ರಿಕವರಿ ಮಾಡುವವರ ಕೆಲಸ. ಮನೆಯಲ್ಲಿ ಸ್ಕ್ರೂ ಬಿಚ್ಚಿ ನೋಡುವುದಂತೂ ಬೇಡವೇ ಬೇಡ.

ಸದ್ದಿಲ್ಲ, ಆದರೆ ನಿಧಾನ. ಒಂದೊಂದು ಫೋಲ್ಡರ್ ತೆರೆಯಲು ನಿಮಿಷ ಹಿಡಿಯುತ್ತದೆ. ಹೆಚ್ಚಿನ ಮನೆಗಳ ಡಿಸ್ಕ್ ಇರುವುದು ಈ ಸ್ಥಿತಿಯಲ್ಲಿ, ಮತ್ತು ಎಲ್ಲರೂ ಎಡವುವುದೂ ಇಲ್ಲೇ. ಇಂಥ ಡಿಸ್ಕ್ ಇನ್ನೆಷ್ಟು ಗಂಟೆ ಓಡುತ್ತದೋ ಯಾರೂ ಹೇಳಲಾರರು. ಇರುವ ಗಂಟೆಗಳನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬುದೇ ಪ್ರಶ್ನೆ.

ಶಹಾಪುರ ತಾಲ್ಲೂಕಿನ ಗೋಗಿಯ ಒಂದು ಮನೆಯ ಡಿಸ್ಕ್ ಅಂದುಕೊಳ್ಳಿ. ಅದರಲ್ಲಿ ಪಹಣಿ ಸ್ಕ್ಯಾನ್ ಇದೆ, ಮಕ್ಕಳ ಅಂಕಪಟ್ಟಿ ಇದೆ, ನೂರಾರು ಸಿನಿಮಾ ಇವೆ, ಮದುವೆ ವಿಡಿಯೋ ಇದೆ, ಚಂದಾ ಹುಸೇನಿ ದರ್ಗಾದ ಉರುಸಿನಲ್ಲಿ ತೆಗೆದ ಫೋಟೋಗಳಿವೆ, ಮೊಹರಂನಲ್ಲಿ ಅಜ್ಜ ಹಾಡಿದ ರಿವಾಯತ್ ಪದದ ರೆಕಾರ್ಡಿಂಗ್ ಇದೆ. ಬಹಳ ಜನ 'ಕಾಗದಪತ್ರ ಮೊದಲು' ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ಪಹಣಿ ಭೂಮಿ ತಂತ್ರಾಂಶದಲ್ಲಿ ಮತ್ತೆ ಸಿಗುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮತ್ತೆ ಪಡೆಯಬಹುದು. ಸಿನಿಮಾ ಎಲ್ಲಾದರೂ ಸಿಗುತ್ತದೆ. ಅಜ್ಜನ ದನಿ ಎಲ್ಲೂ ಸಿಗದು. ಅದೇ ಮೊದಲು ಕಾಪಿಯಾಗಲಿ. ಅದೂ ಒಂದೊಂದೇ ಫೋಲ್ಡರ್ ಆಗಿ. ಇಡೀ ಡಿಸ್ಕನ್ನು ಒಂದೇ ಸಲ ಎಳೆದು ಹಾಕಿದರೆ, ಸಿನಿಮಾ ಓದುವಾಗಲೇ ಡಿಸ್ಕ್ ಕೈಕೊಟ್ಟೀತು.

(ಹಾಗೆ ನೋಡಿದರೆ 1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ್ ಶಾನ ಗೋರಿ ಇದೇ ಗೋಗಿಯಲ್ಲಿ ಇವತ್ತಿಗೂ ಇದೆ. ಹಾರ್ಡ್ ಡಿಸ್ಕ್ ಐದಾರು ವರ್ಷ ದಾಟಿದರೆ ಅನುಮಾನದಿಂದಲೇ ನೋಡಬೇಕು.)

'ಕಟ್ ಮಾಡಿದರೆ ಬೇಗ ಆಗುತ್ತೆ' ಎಂಬುದು ತಪ್ಪು. ಒಂದೇ ಡಿಸ್ಕಿನ ಒಳಗೆ ಅದು ನಿಜ. ಎರಡು ಡಿಸ್ಕ್‌ಗಳ ನಡುವೆ ಕಂಪ್ಯೂಟರ್ ಮಾಡುವುದು ಕಾಪಿಯನ್ನೇ. ಆಮೇಲೆ ಹಳೆಯದನ್ನು ಅಳಿಸುತ್ತದೆ, ಅಷ್ಟೆ. ಹೊಸದರಲ್ಲಿ ಸರಿಯಾಗಿ ಕೂರದಿದ್ದರೆ ಎರಡೂ ಕಡೆ ಇಲ್ಲ. ಕಾಪಿ ಮಾತ್ರ ಮಾಡಿ. ವೇಗ ಬೇಕಿದ್ದರೆ ಪೋರ್ಟ್ ನೋಡಿ: 500 ಜಿಬಿಗೆ ಯುಎಸ್‌ಬಿ 2.0ದಲ್ಲಿ ಸುಮಾರು 4 ಗಂಟೆ, 3.0ದಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಸಣ್ಣ ಫೈಲುಗಳು ಸಾವಿರಾರು ಇದ್ದರೆ, ಡಿಸ್ಕ್ ಹಳೆಯದಾಗಿದ್ದರೆ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಕರೆಂಟೂ ಹೋಗುತ್ತದೆ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು, ಡಿಸ್ಕಿಗೆ ಫ್ಯಾನ್ ಗಾಳಿ ತಾಗುವಂತೆ ಇಟ್ಟು, ರಾತ್ರಿ ಮಾಡುವುದು ಒಳ್ಳೆಯದು.

ನಡುವೆ 'ಫಾರ್ಮ್ಯಾಟ್ ಮಾಡಬೇಕು' ಎಂದು ವಿಂಡೋಸ್ ಕೇಳಿದರೆ ಒತ್ತಬೇಡಿ. 'ಸ್ಕ್ಯಾನ್ ಮಾಡಿ ಸರಿಪಡಿಸಲೇ' ಎಂದರೂ ಈಗ ಬೇಡ. ದುರಸ್ತಿ ಎಂದರೆ ಸೋತ ಡಿಸ್ಕಿನ ಮೇಲೆ ಮತ್ತೆ ಬರೆಯುವುದು. ಮದುವೆ ವಿಡಿಯೋ ಒಂದೇ 'ಫೈಲ್ ತುಂಬಾ ದೊಡ್ಡದು' ಎಂದು ನಿಂತರೆ ತಪ್ಪು ಹಳೆ ಡಿಸ್ಕಿನದಲ್ಲ. ಹೊಸದು ಫ್ಯಾಟ್32 ಮಾದರಿಯಲ್ಲಿದೆ. ಅದು 4 ಜಿಬಿ ಮೀರಿದ ಫೈಲ್ ಹಿಡಿಯದು. ಹೊಸದನ್ನು, ಖಾಲಿ ಇರುವಾಗಲೇ, ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಿ.

ಹೊಸ ಡಿಸ್ಕಿನ ಬಗ್ಗೆ ಎರಡು ಮಾತು. 1 ಟಿಬಿ ಕೊಂಡರೆ 931 ಜಿಬಿ ತೋರಿಸುವುದು ಮೋಸವಲ್ಲ. ಕಂಪನಿ ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತದೆ, ವಿಂಡೋಸ್ ಅದನ್ನೇ 1024ರಿಂದ ಮೂರು ಸಲ ಭಾಗಿಸುತ್ತದೆ. ನಿಜವಾದ ಮೋಸ ಬೇರೆ ಇದೆ: ಕೆಲವೇ ನೂರು ರೂಪಾಯಿಗೆ '2 ಟಿಬಿ ಪೆನ್ ಡ್ರೈವ್'. ಒಳಗಿನ ಚಿಪ್ ಸಣ್ಣದು. ದೊಡ್ಡದೆಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಫೈಲಿನ ಹೆಸರು, ಅಳತೆ ಎಲ್ಲ ಕಾಣುತ್ತದೆ, ತೆರೆದರೆ ಮಾತ್ರ ಏನೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಡಿಸ್ಕನ್ನು ತುಂಬಿಸಿ, ಮತ್ತೆ ಓದಿ, ನಿಜ ಹೇಳುತ್ತದೆ. ಫೋಟೋಗಳನ್ನು ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳುವುದೂ ನಕಲಲ್ಲ. ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಸರಿ.

ಕಾಪಿ ಮುಗಿದ ಮೇಲೆ ಹಳೆ ನುಡಿ ಅಥವಾ ಬರಹ ಫೈಲ್ ತೆರೆದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಗಾಬರಿ ಬೇಡ. ಫೈಲ್ ಕೆಟ್ಟಿಲ್ಲ. ಯುನಿಕೋಡ್‌ಗೆ ಮುಂಚಿನ ಅಕ್ಷರ ಅದು; ಹಳೆ ಫಾಂಟ್ ಹಾಕಿದರೆ ಕನ್ನಡ ಮತ್ತೆ ಕಾಣುತ್ತದೆ, ಪರಿವರ್ತಕದಿಂದ ಯುನಿಕೋಡ್ ಮಾಡಿಕೊಂಡರೆ ಮೊಬೈಲಿನಲ್ಲೂ ಓದಬಹುದು.

ಹೊಸ ಡಿಸ್ಕಿನ ದೊಡ್ಡ ವಿಡಿಯೋಗಳನ್ನು ಕೊನೆಯವರೆಗೆ ಎಳೆದು ನೋಡಿ, ಅಜ್ಜನ ಪದ ಪೂರ್ತಿ ಕೇಳಿ, ಅದನ್ನು ಇನ್ನೊಂದು ಕಡೆಯೂ ಇಡಿ. ಅಲ್ಲಿಯವರೆಗೆ ಹಳೆಯದನ್ನು ಮುಟ್ಟಬೇಡಿ. ಆಮೇಲೆ ಗುಜರಿಗೆ ಕೊಡುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು. ಅದು ಹೆಸರಿನ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಫೋಟೋ ಒಳಗೇ ಇರುತ್ತದೆ. 'ಕ್ವಿಕ್' ಎಂಬಲ್ಲಿನ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ ಕೊಡಿ.