ಮರಿಯ ಎದೆಯ ಮರ್ಮರ

ಎಂಟು ವಾರದ ನಾಯಿಮರಿಯನ್ನು ಮೊದಲ ಲಸಿಕೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಸೂಜಿ ಹಿಡಿಯುವ ಮೊದಲು ಸ್ಟೆತಾಸ್ಕೋಪ್ ಹಿಡಿದರು. ಅರ್ಧ ನಿಮಿಷದಲ್ಲಿ ಮುಗಿಯುತ್ತದೆ ಅಂದುಕೊಂಡದ್ದು ಮುಗಿಯಲಿಲ್ಲ. ಎಡಗಡೆ ಕೇಳಿದರು, ಬಲಗಡೆ ಕೇಳಿದರು, ಮತ್ತೆ ಎಡಗಡೆಗೆ ಬಂದರು. "ಸಣ್ಣದೊಂದು ಮರ್ಮರ್ ಇದೆ, ಎರಡನೇ ದರ್ಜೆಯದು. ಮುಂದಿನ ಸಲ ಬಂದಾಗ ಮತ್ತೆ ಕೇಳೋಣ" ಅಂದರು. ವಾಪಸ್ಸು ಬರುವಾಗ ರಿಕ್ಷಾದಲ್ಲಿ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಇದು ಸತ್ತು ಹೋಗುತ್ತಾ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವನಿಗೆ ನಾಲ್ಕು ಶತಮಾನಗಳ ಕಥೆಯೊಂದು ಸಿಕ್ಕಿತು. ಅದರ ತುಂಬ ನಾಯಿಗಳಿದ್ದವು.

ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪುಟ್ಟ ಲ್ಯಾಟಿನ್ ಪುಸ್ತಕ, ರಕ್ತ ದೇಹದಲ್ಲಿ ಸುತ್ತುತ್ತದೆ, ಹೃದಯ ಅದನ್ನು ದಬ್ಬುತ್ತದೆ ಎಂದು ಸಾಧಿಸಿತು. ಇದನ್ನು ಅವನು ಕಂಡುಕೊಂಡದ್ದು ನಾಯಿ, ಕಪ್ಪೆ, ಹಾವುಗಳ ಎದೆ ತೆರೆದು, ಬಡಿಯುತ್ತಿರುವ ಹೃದಯವನ್ನು ಕಣ್ಣಾರೆ ನೋಡಿ. ಅರಿವಳಿಕೆ ಬರಲು ಇನ್ನೂ ಎರಡು ಶತಮಾನ ಬೇಕಿತ್ತು ಎಂಬುದನ್ನು ನಾವು ಮರೆಯಬಾರದು. ಕುದುರೆ ನೀರು ಕುಡಿಯುವಾಗ ಗಂಟಲಲ್ಲಿ ಸದ್ದಾಗುವಂತೆ, ಹೃದಯ ಬಡಿದಾಗಲೂ ಎದೆಯಲ್ಲಿ ಸದ್ದು ಕೇಳುತ್ತದೆ ಎಂದೂ ಹಾರ್ವೆ ಬರೆದ. ವೆನಿಸ್‌ನ ವೈದ್ಯ ಎಮಿಲಿಯೊ ಪರಿಜಾನೊ ಇದನ್ನು ಗೇಲಿ ಮಾಡಿದ: ನಮ್ಮೂರಲ್ಲಿ ಯಾರಿಗೂ ಅಂಥ ಸದ್ದು ಕೇಳಿಸುವುದಿಲ್ಲ, ಲಂಡನ್ನಿನಲ್ಲಿ ಮಾತ್ರ ಕೇಳಿಸುತ್ತದೇನೋ!

ಆ ಸದ್ದು ಎಲ್ಲರಿಗೂ ಕೇಳಿಸುವಂತಾದದ್ದು 1816ರಲ್ಲಿ. ಪ್ಯಾರಿಸ್ಸಿನ ರೆನೆ ಲೆನೆಕ್, ಯುವತಿಯೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು, ಕಾಗದ ಸುರುಳಿ ಸುತ್ತಿ ಅದರ ಮೂಲಕ ಕೇಳಿದ. ಅದೇ ಮುಂದೆ ಮರದ ಕೊಳವೆಯಾಯಿತು, ಸ್ಟೆತಾಸ್ಕೋಪ್ ಆಯಿತು. 'ಲಬ್-ಡಬ್' ನಡುವೆ ಕೆಲವರ ಎದೆಯಲ್ಲಿ ಕೇಳಿಬರುವ ಹೆಚ್ಚುವರಿ ಸದ್ದಿಗೆ ಲೆನೆಕ್ ಕಮ್ಮಾರನ ತಿದಿಯ ಹೆಸರಿಟ್ಟ. ಆದರೆ ಕೇಳಿದ್ದೆಲ್ಲ ಅರ್ಥವಾಗಿರಲಿಲ್ಲ. ಹೃದಯದ ಎರಡನೇ ಸದ್ದು ಮೇಲಿನ ಕೋಣೆಗಳ ಬಡಿತದಿಂದ ಬರುತ್ತದೆ ಎಂದು ಅವನು ತಪ್ಪಾಗಿ ತಿಳಿದಿದ್ದ. ಅದು ಕವಾಟಗಳು ಮುಚ್ಚಿಕೊಳ್ಳುವ ಸದ್ದು ಎಂದು ತಿಳಿಯಲು 1830ರ ದಶಕದಲ್ಲಿ ಲಂಡನ್ನಿನ ಜೇಮ್ಸ್ ಹೋಪ್ ಮತ್ತಿತರರು ಕತ್ತೆಗಳ ಮೇಲೆ ನಡೆಸಿದ ಪ್ರಯೋಗಗಳು ಬೇಕಾದವು.

ಮರ್ಮರದ ಗುಟ್ಟು ಸರಳ. ಸಮನಾಗಿ ಹರಿಯುವ ಹೊಳೆಗೆ ಸದ್ದಿಲ್ಲ. ಇಕ್ಕಟ್ಟಿನಲ್ಲಿ ನುಗ್ಗುವಾಗ, ಬಂಡೆಗೆ ಬಡಿದಾಗ ಸದ್ದು. ರಕ್ತವೂ ಹಾಗೆಯೇ. 1933ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲಿವೈನ್ ಈ ಸದ್ದಿಗೆ ಆರು ಮೆಟ್ಟಿಲಿನ ಅಳತೆ ಕೊಟ್ಟ. ಮೊದಲನೆಯದು ಕಿವಿಗೊಟ್ಟು ಕೇಳಿದರಷ್ಟೇ ಕೇಳುವಂಥದ್ದು, ಆರನೆಯದು ಸ್ಟೆತಾಸ್ಕೋಪನ್ನು ಎದೆಯಿಂದ ಸ್ವಲ್ಪ ಎತ್ತಿದರೂ ಕೇಳುವಂಥದ್ದು. ಮನುಷ್ಯರಿಗೆಂದು ಮಾಡಿದ ಈ ಅಳತೆಯನ್ನೇ ಪಶುವೈದ್ಯರೂ ಬಳಸುತ್ತಾರೆ. ನಮ್ಮ ಮರಿಯ 'ಎರಡನೇ ದರ್ಜೆ' ಬಂದದ್ದು ಇಲ್ಲಿಂದ.

ಆದರೆ ಎಲ್ಲ ಮರ್ಮರವೂ ರೋಗವಲ್ಲ. ಬೆಳೆಯುವ ಮರಿಯ ರಕ್ತದಲ್ಲಿ ಕೆಂಪುಕಣಗಳು ದೊಡ್ಡ ನಾಯಿಗಿಂತ ಕಡಿಮೆ, ಹಾಗಾಗಿ ರಕ್ತ ತೆಳು. ಹೃದಯ ಅದನ್ನು ಜೋರಾಗಿ ದಬ್ಬುತ್ತದೆ. ಇದರಿಂದ ಹುಟ್ಟುವ ಮೆದು ಸದ್ದನ್ನು ಡಾಕ್ಟರುಗಳು 'ಮುಗ್ಧ ಮರ್ಮರ' ಎನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕೈದು ತಿಂಗಳು ತುಂಬುವ ಹೊತ್ತಿಗೆ ಅದು ತಾನಾಗಿ ಅಡಗುತ್ತದೆ.

ಅಡಗದ ಸದ್ದೂ ಒಂದಿದೆ. ತಾಯಿಯ ಹೊಟ್ಟೆಯಲ್ಲಿರುವಾಗ ಮರಿ ಉಸಿರಾಡುವುದಿಲ್ಲ. ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತ ಒಂದು ಅಡ್ಡನಾಳದ ಮೂಲಕ ನೇರ ಮಹಾಪಧಮನಿಗೆ ಹೋಗುತ್ತದೆ. ಹುಟ್ಟಿದ ಮೇಲೆ ಬೇಗನೆ ಈ ನಾಳ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಯಂತ್ರ ಓಡಿದಂತೆ ಬಿಡುವಿಲ್ಲದ ಸದ್ದು. ಎಡಿನ್‌ಬರೋದ ಜಾರ್ಜ್ ಗಿಬ್ಸನ್ 1900ರಲ್ಲಿ ಇದನ್ನು ಮನುಷ್ಯರಲ್ಲಿ ವಿವರಿಸಿದ. ಮರಿಯ ಎದೆಯ ಮೇಲೆ ಕೈಯಿಟ್ಟರೆ ಬೆಕ್ಕು ಗುರುಗುಟ್ಟಿದಂತೆ ಬೆರಳಿಗೇ ತಾಗುತ್ತದೆ. 1938ರಲ್ಲಿ ಬಾಸ್ಟನ್ನಿನ ಯುವ ಶಸ್ತ್ರಚಿಕಿತ್ಸಕ ರಾಬರ್ಟ್ ಗ್ರಾಸ್, ತನ್ನ ಮೇಲಧಿಕಾರಿ ಊರಲ್ಲಿಲ್ಲದ ಹೊತ್ತಿನಲ್ಲಿ, ಏಳು ವರ್ಷದ ಹುಡುಗಿಯ ಈ ನಾಳವನ್ನು ದಾರದಿಂದ ಕಟ್ಟಿದ. ಹುಡುಗಿ ಬದುಕಿದಳು.

ಇದನ್ನು ಕೇಳಿದ ಬಾಲ್ಟಿಮೋರಿನ ಹೆಲೆನ್ ಟೌಸಿಗ್‌ಗೆ ತಿರುವುಮುರುವಾದ ಆಲೋಚನೆ ಬಂತು. ಕಿವಿ ಮಂದವಾಗಿದ್ದ ಆಕೆ ಮಕ್ಕಳ ಹೃದಯವನ್ನು ಬೆರಳುಗಳಿಂದ ಓದುತ್ತಿದ್ದ ವೈದ್ಯೆ. ಮೈ ನೀಲಿಗಟ್ಟುವ ಕೆಲವು ಶಿಶುಗಳ ಸ್ಥಿತಿ ಆ ನಾಳ ಮುಚ್ಚಿಕೊಂಡಾಗಲೇ ಹದಗೆಡುವುದನ್ನು ಆಕೆ ಗಮನಿಸಿದ್ದಳು. ಹಾಗಾದರೆ ಹೊಸ ನಾಳವನ್ನೇ ಕಟ್ಟಿಕೊಡಬಹುದಲ್ಲ? ಆಲ್ಫ್ರೆಡ್ ಬ್ಲೇಲಾಕ್ ಒಪ್ಪಿದ. ಆದರೆ ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ಅದನ್ನು ಸಾಧಿಸಿದವನು ವಿವಿಯನ್ ಥಾಮಸ್. ಕಾಲೇಜು ಮೆಟ್ಟಿಲು ಹತ್ತಲಾಗದ, ಕಪ್ಪು ವರ್ಣದವನೆಂಬ ಕಾರಣಕ್ಕೆ ಕಸಗುಡಿಸುವವರ ದರ್ಜೆಯಲ್ಲಿ ಸಂಬಳ ಪಡೆಯುತ್ತಿದ್ದ ಸಹಾಯಕ. ಆ ಶಸ್ತ್ರಚಿಕಿತ್ಸೆಯ ನಂತರ ಬಹುಕಾಲ ಬದುಕಿದ ಮೊದಲ ನಾಯಿಯ ಹೆಸರು ಆನಾ. 1944ರ ನವೆಂಬರ್ 29ರಂದು ಬ್ಲೇಲಾಕ್ ಪುಟ್ಟ ಹೆಣ್ಣುಮಗುವಿಗೆ ಅದನ್ನೇ ಮಾಡುವಾಗ ಥಾಮಸ್ ಹಿಂದೆ ಸ್ಟೂಲಿನ ಮೇಲೆ ನಿಂತು ದಾರಿ ಹೇಳಿದ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮುಂದೆ ಆನಾಳ ಭಾವಚಿತ್ರವೂ ಬಂತು, ಥಾಮಸ್‌ನ ಭಾವಚಿತ್ರವೂ ಬಂತು. ಅವನಿಗೆ ಗೌರವ ಡಾಕ್ಟರೇಟ್ ಸಿಕ್ಕಿದ್ದು 1976ರಲ್ಲಿ.

ನಾಯಿಗಳಿಗೇನು ಸಿಕ್ಕಿತು? 1960ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಪ್ಯಾಟರ್ಸನ್, ನಾಯಿಗಳ ಹೃದಯವನ್ನು ನಾಯಿಗಳಿಗೋಸ್ಕರವೂ ಕೇಳತೊಡಗಿದ. ಹುಟ್ಟಿನಿಂದ ಬರುವ ದೋಷಗಳು ಬೆರಕೆ ನಾಯಿಗಳಿಗಿಂತ ಶುದ್ಧ ತಳಿಗಳಲ್ಲಿ ಹೆಚ್ಚು, ಮತ್ತು ಒಂದೊಂದು ತಳಿಗೆ ಒಂದೊಂದು ದೋಷ ಎಂದು ಅವನು ತೋರಿಸಿದ. ಮುಚ್ಚದ ನಾಳ ಪೂಡಲ್‌ಗಳಲ್ಲಿ ವಂಶದಲ್ಲಿ ಹರಿಯುತ್ತದೆ. ಅಷ್ಟೇ ಅಲ್ಲ, ಕೆಲವು ನಾಯಿಗಳಲ್ಲಿ ನಾಳ ಅರೆಬರೆ ಮುಚ್ಚಿರುತ್ತದೆ. ಅವಕ್ಕೆ ಮರ್ಮರವೇ ಇಲ್ಲ, ಆದರೆ ದೋಷವನ್ನು ಮರಿಗಳಿಗೆ ದಾಟಿಸುತ್ತವೆ. 'ತಂದೆ ತಾಯಿ ಎರಡೂ ಗಟ್ಟಿಮುಟ್ಟು' ಎಂಬ ಮಾರಾಟಗಾರನ ಮಾತು ಸುಳ್ಳಲ್ಲದಿದ್ದರೂ ಸಾಲದು ಎಂದಾಯಿತು. ಹಾಗಾಗಿಯೇ ಮರಿಯಲ್ಲಿ ದೋಷ ಕಂಡರೆ ಸಾಕಿದವರಿಗೆ ತಿಳಿಸಬೇಕು. ಅದೇ ಜೋಡಿಯಿಂದ ಮತ್ತೆ ಮರಿ ಮಾಡಿಸಬಾರದು.

ಗ್ರಾಸ್ ಕಟ್ಟಿದ ಗಂಟು ಮುಂದೆ ನಾಯಿಮರಿಗಳಿಗೂ ಬಂತು. ಈ ಶತಮಾನದ ಮೊದಲ ದಶಕದಲ್ಲಿ ನಾಯಿಗಳಿಗೆಂದೇ ಮಾಡಿದ, ತಂತಿಬಲೆಯ ಪುಟ್ಟ ಬಿರಡೆ ಬಂತು; ಎದೆ ಸೀಳದೆ, ತೊಡೆಯ ರಕ್ತನಾಳದಿಂದ ಒಳಗೆ ತೂರಿಸಿ ನಾಳ ಮುಚ್ಚುತ್ತಾರೆ. ಹಾಗೆಯೇ ಬಿಟ್ಟರೆ ವರ್ಷ ತುಂಬುವುದರೊಳಗೆ ಸಾಯಬಹುದಾದ ಮರಿ, ಸಕಾಲದಲ್ಲಿ ಮುಚ್ಚಿದರೆ ಪೂರ್ಣಾಯುಷ್ಯ ಬಾಳಬಲ್ಲದು. ಆದರೆ ಮೊದಲು ಯಾರಾದರೂ ಕೇಳಿಸಿಕೊಳ್ಳಬೇಕು.

ನಮ್ಮ ಮರಿಗೆ ಹನ್ನೆರಡನೇ ವಾರದಲ್ಲಿ ಸದ್ದು ತೆಳುವಾಗಿತ್ತು. ನಾಲ್ಕೂವರೆ ತಿಂಗಳಿಗೆ ಡಾಕ್ಟರು ಬಹಳ ಹೊತ್ತು ಕೇಳಿ, "ಈಗ ಏನೂ ಇಲ್ಲ" ಅಂದರು. ಮಗಳು ನಂಬಲಿಲ್ಲ. ಅವರು ಸ್ಟೆತಾಸ್ಕೋಪನ್ನು ಅವಳ ಕಿವಿಗೇ ಹಾಕಿದರು. ಅವಳು ಕಣ್ಣು ಮುಚ್ಚಿ ಕೇಳಿದಳು. ಲಬ್-ಡಬ್, ಲಬ್-ಡಬ್. ನಡುವೆ ಬರೀ ಮೌನ.