ಹಿಂದಿನ ಬೆಂಚಿನ ಪ್ರಶ್ನೆ

ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದಾಗ ಪರ್ಲ್ ಹಾರ್ಬರ್ ದಾಳಿಯನ್ನು ನಾನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ: 1941ರ ಡಿಸೆಂಬರ್ 7ರಂದು ಜಪಾನ್ ದಾಳಿ ಮಾಡಿತು, ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಪರೀಕ್ಷೆಗೆ ಅಷ್ಟು ಸಾಕಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾರ್, ಮುಳುಗಿದ ಹಡಗಿನೊಳಗೆ ಇದ್ದವರು ಏನಾದರು?" ಎಂದ. ನನಗೆ ಗೊತ್ತಿರಲಿಲ್ಲ. "ಕೂತ್ಕೊಳ್ಳೋ" ಎಂದು ಗದರಿದೆ. ನಾನು ಓದಿ ತಿಳಿಯುವ ಹೊತ್ತಿಗೆ ಅವನು ಶಾಲೆ ಬಿಟ್ಟಾಗಿತ್ತು.

ಹವಾಯಿಯ ಆ ಬಂದರಿನಲ್ಲಿ ‘ಒಕ್ಲಹೋಮ’ ಯುದ್ಧನೌಕೆ ಟಾರ್ಪಿಡೊ ಏಟಿಗೆ ಕೆಲವೇ ನಿಮಿಷಗಳಲ್ಲಿ ಮಗುಚಿತು. 429 ಮಂದಿ ಸತ್ತರು. ಆದರೆ ತಲೆಕೆಳಗಾದ ಹಡಗಿನೊಳಗಿಂದ ಕಬ್ಬಿಣ ಬಡಿಯುವ ಸದ್ದು ಕೇಳಿಬರುತ್ತಿತ್ತು. ನೌಕಾನೆಲೆಯ ಕಾರ್ಮಿಕ ಜೂಲಿಯೊ ಡಿಕ್ಯಾಸ್ಟ್ರೊ ಮತ್ತು ಸಂಗಡಿಗರು ಆ ಸದ್ದಿನ ಜಾಡು ಹಿಡಿದು ಹಡಗಿನ ತಳ ಕೊರೆದರು. ಗ್ಯಾಸ್ ಕಟರ್ ಒಳಗಿನವರ ಉಸಿರಿಗೇ ಕುತ್ತಾಗುತ್ತಿತ್ತು. ಗಾಳಿಯ ಒತ್ತಡದಿಂದ ನಡೆಯುವ ಉಳಿಗಳನ್ನು ಹಿಡಿದರು. 32 ಮಂದಿ ಜೀವಂತ ಹೊರಬಂದರು.

ಅದರ ಹಿಂದೆಯೇ ಮುಳುಗಿದ್ದ ‘ವೆಸ್ಟ್ ವರ್ಜೀನಿಯ’ ನೌಕೆಯ ಮೂವರಿಗೆ ಆ ಭಾಗ್ಯವಿರಲಿಲ್ಲ. ಅವರ ಬಡಿತ ಕೇಳುತ್ತಿತ್ತು, ತಲುಪುವ ದಾರಿಯಿರಲಿಲ್ಲ. 1942ರಲ್ಲಿ ಹಡಗನ್ನು ಮೇಲೆತ್ತಿದಾಗ ಅವರಿದ್ದ ಕೋಣೆಯಲ್ಲಿ ಕ್ಯಾಲೆಂಡರ್ ಸಿಕ್ಕಿತು. ಡಿಸೆಂಬರ್ 23ರವರೆಗೂ ದಿನಗಳಿಗೆ ಗುರುತು ಹಾಕಿದ್ದರು.

ಆ ವಿದ್ಯಾರ್ಥಿಯ ಕೈಗೆ ಈ ಸಂಚಿಕೆ ಸಿಕ್ಕರೆ, ಅವನ ಪ್ರಶ್ನೆಗೆ ಉತ್ತರ ಇದು. ತಡವಾದದ್ದಕ್ಕೆ ಕ್ಷಮೆ ಇರಲಿ. ಈಗ ಪಾಠ ಮಾಡುವ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ: ಗೊತ್ತಿಲ್ಲದ ಪ್ರಶ್ನೆ ಬಂದರೆ "ಕೂತ್ಕೋ" ಎನ್ನಬೇಡಿ, "ನಾಳೆ ಓದಿಕೊಂಡು ಬಂದು ಹೇಳುತ್ತೇನೆ" ಎನ್ನಿ.